ಎರಡನೇ ಸಲ ಮುಟ್ಟುವ ಕರ್ತನು

(ಯುವಜನ ಕೂಟದಲ್ಲಿ ಕೊಟ್ಟ ಸಂದೇಶದ ಬರಹ ರೂಪ)

ವಾಕ್ಯಭಾಗ: ಮಾರ್ಕ 8:22–26

ಎಲ್ಲರೂ ಸತ್ಯವೇದ ತಂದಿದ್ದೀರಾ? ಮೊಬೈಲಲ್ಲಿ ಇದ್ರೂ ಪರವಾಗಿಲ್ಲ, ಆದ್ರೆ ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ. ಮಾರ್ಕನು ಬರೆದ ಸುವಾರ್ತೆ, 8ನೇ ಅಧ್ಯಾಯ, 22ರಿಂದ 26ರವರೆಗೆ. ನೀವೇ ಒಂದು ಸಲ ಮನಸ್ಸಲ್ಲಿ ಓದಿಕೊಳ್ಳಿ, ನಾನು ಕಾಯ್ತೀನಿ.

ಓದಿದ್ರಾ? ಆಮೆನ್. ಈ ಅದ್ಭುತವನ್ನು ಮಾರ್ಕ ಒಬ್ಬನೇ ಬರೆದಿದ್ದಾನೆ. ಮತ್ತಾಯ, ಲೂಕ, ಯೋಹಾನ ಇದನ್ನು ಬರೆದಿಲ್ಲ. ಬೈಬಲ್ ಕಾಲೇಜಿನಲ್ಲಿ ಇದನ್ನು ಮೊದಲ ಸಲ ಗಮನಕೊಟ್ಟು ಓದಿದಾಗ ನನಗೆ ಸ್ವಲ್ಪ ಮುಜುಗರ ಆಗಿತ್ತು. ಯಾಕಂದ್ರೆ ಇಲ್ಲಿ ಯೇಸು ಸ್ವಾಮಿ ಒಬ್ಬ ಕುರುಡನ ಮೇಲೆ ಕೈ ಇಡ್ತಾರೆ, ಅವನಿಗೆ ಅರ್ಧ ಮಾತ್ರ ಕಾಣುತ್ತೆ. ಜನ ಕಾಣ್ತಾರೆ, ಆದ್ರೆ ಮರಗಳು ಓಡಾಡಿದ ಹಾಗೆ ಕಾಣ್ತಾರೆ. ಆಮೇಲೆ ಇನ್ನೊಂದು ಸಲ ಕೈ ಇಡ್ತಾರೆ, ಆಗ ಎಲ್ಲ ಸ್ಪಷ್ಟ ಆಗುತ್ತೆ. ಕರ್ತನಿಗೆ ಒಂದೇ ಸಲ ಆಗಲಿಲ್ವಾ? ಬಿರುಗಾಳಿಗೆ ಒಂದೇ ಮಾತು ಸಾಕಾಗಿತ್ತು. ಈ ಕಣ್ಣಿಗೆ ಯಾಕೆ ಎರಡು ಸಲ?

ಆ ಪ್ರಶ್ನೆಗೆ ಕಾಲೇಜಿನಲ್ಲಿ ನಾನು ಉತ್ತರ ಬರೆದೆ, ಒಳ್ಳೇ ಮಾರ್ಕ್ಸೂ ಬಂತು. ಆದ್ರೆ ನಿಜವಾದ ಉತ್ತರ ನನಗೆ ಸಿಕ್ಕಿದ್ದು ಈ ವರ್ಷ. ಒಂದು ನೆಗಡಿಯಿಂದ. ಒಂದು ಸೈಕಲ್ಲಿಂದ. ನಗಬೇಡಿ. ನೆಗಡಿ ಬಗ್ಗೆ ಪ್ರಸಂಗ ಮಾಡೋ ಪಾಸ್ಟರ್‌ನ ನೀವು ನೋಡಿರಲಿಕ್ಕಿಲ್ಲ. ಆದ್ರೆ ಈ ಪ್ರಸಂಗದ ಕೊನೆಯಲ್ಲಿ ನಾನು ನಿಮ್ಮ ಹತ್ತಿರ ಕ್ಷಮೆ ಕೇಳೋದಿದೆ. ಅದಕ್ಕೇ ಸ್ವಲ್ಪ ತಾಳ್ಮೆಯಿಂದ ಕೇಳಿ.

ನಿಮಗೆ ಗೊತ್ತು, ನಮ್ಮೂರು ಹೆಡತಲೆ. ನಂಜನಗೂಡು ತಾಲ್ಲೂಕು. ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಸ್ಥಾನ ಇದೆಯಲ್ಲ, ಅದೇ ಊರು. ಅಪ್ಪ ಕರ್ತನಲ್ಲಿ ನಿದ್ರೆ ಹೋದ ಮೇಲೆ ಅಮ್ಮ ಅಲ್ಲೇ ಇದ್ದಾರೆ, ಎಷ್ಟು ಕರೆದ್ರೂ ಮೈಸೂರಿಗೆ ಬರಲ್ಲ. ಮಳೆಗಾಲದಲ್ಲಿ ಒಂದು ಬುಧವಾರ ಅವರನ್ನ ನೋಡೋಕೆ ಹೋಗಿದ್ದೆ. ಹಿಂದಿನ ಕೊಟ್ಟಿಗೆಯಲ್ಲಿ ಅಪ್ಪನ ಹಳೇ ಅಟ್ಲಾಸ್ ಸೈಕಲ್ ಗೋಡೆಗೆ ಒರಗಿಕೊಂಡು ನಿಂತಿತ್ತು. ಅದರಲ್ಲೇ ಅಪ್ಪ ಹಾಲಿನ ಕ್ಯಾನು ತಗೊಂಡು ಡೈರಿಗೆ ಹೋಗ್ತಿದ್ರು, ಅದರ ಬಾರ್ ಮೇಲೇ ನಾನು ಕೂತು ಬೆಳೆದದ್ದು. ಮೈಸೂರಲ್ಲಿ 2017ರಲ್ಲಿ ಟ್ರಿನ್ ಟ್ರಿನ್ ಬಾಡಿಗೆ ಸೈಕಲ್ ಶುರುವಾದಾಗ ನನಗೆ ಮತ್ತೆ ಸೈಕಲ್ ರುಚಿ ಹತ್ತಿತ್ತು. ಅಪ್ಪನ ಸೈಕಲ್ಲನ್ನೇ ರಿಪೇರಿ ಮಾಡಿಸಿ ದಿನಾ ಕೆಲಸಕ್ಕೆ ಹೋಗೋಣ, ಪೆಟ್ರೋಲ್ ಉಳಿಯುತ್ತೆ, ಹೊಟ್ಟೆನೂ ಕರಗುತ್ತೆ ಅಂತ ಆವತ್ತೇ ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಮಳೆ.

ಮಳೆಯಿಂದ ಬಂತೋ, ಹೋಗೋವಾಗ ಬಸ್ಸಲ್ಲಿ ಪಕ್ಕದಲ್ಲಿ ಕೂತು ಸೀನ್ತಿದ್ದವರಿಂದ ಬಂತೋ, ಶುಕ್ರವಾರ ಹೊತ್ತಿಗೆ ಮೂಗು ಕಟ್ಟಿತು, ಗಂಟಲು ಹೋಯ್ತು, ಮೈಕೈ ನೋವು, ಜ್ವರ. ನಮ್ಮ ಕಡೆ ಹೇಳ್ತಾರಲ್ಲ, ಔಷಧಿ ತಗೊಂಡ್ರೆ ನೆಗಡಿ ಏಳು ದಿನಕ್ಕೆ ಹೋಗುತ್ತೆ, ತಗೊಳ್ಳದೇ ಇದ್ರೆ ಒಂದು ವಾರಕ್ಕೆ ಹೋಗುತ್ತೆ ಅಂತ. ನಾನೂ ಅದೇ ಲೆಕ್ಕದಲ್ಲಿದ್ದೆ.

ಭಾನುವಾರ ಬಂತು. ಆವತ್ತು ಆರಾಧನೆಯಲ್ಲಿ ಕರ್ತನ ಪ್ರಸನ್ನತೆ ಬಲವಾಗಿತ್ತು, ನೆನಪಿದೆಯಾ? ನೀವೆಲ್ಲ ಹಾಡ್ತಾ ಇದ್ರಿ, ಜ್ವರ ಬಿಟ್ಟು ನನ್ನ ಮೈ ಹಗುರ ಆಯ್ತು. ಅದು ನಿಜ. ಅದನ್ನ ನಾನು ಇವತ್ತೂ ಅಲ್ಲಗಳೆಯಲ್ಲ. ಆದ್ರೆ ಎದೆ ಒಳಗೆ ಕೆಮ್ಮು ಹಾಗೇ ಇತ್ತು. ಸಾಕ್ಷಿ ಹೇಳೋ ಸಮಯ ಬಂದಾಗ ನಾನು ಮೈಕ್ ಹಿಡಿದು ಹೇಳಿದೆ: ಕರ್ತನು ನನ್ನನ್ನ ಸಂಪೂರ್ಣವಾಗಿ ಗುಣಪಡಿಸಿದ್ದಾನೆ, ನನ್ನಲ್ಲಿ ಯಾವ ರೋಗವೂ ಇಲ್ಲ ಅಂತ. ನೀವು ಎಷ್ಟು ಜೋರಾಗಿ ಹಲ್ಲೆಲೂಯಾ ಅಂದ್ರಿ! ಆ ಹಲ್ಲೆಲೂಯಾ ಶಬ್ದದ ಮಧ್ಯೆ ನಾನು ಪಕ್ಕಕ್ಕೆ ತಿರುಗಿ, ಮೈಕ್ ಕೆಳಗಿಟ್ಟು, ಕರ್ಚೀಫಿನಲ್ಲಿ ಕೆಮ್ಮಿದೆ. ಯಾರೂ ನೋಡಲಿಲ್ಲ ಅಂದುಕೊಂಡೆ.

ಮಾರನೇ ದಿನ ಸೋಮವಾರ. ಗುಣವಾದವನು ಮನೆಯಲ್ಲಿ ಮಲಗಿರೋಕಾಗುತ್ತಾ? ಹೆಂಡತಿ, ಇನ್ನೂ ಎರಡು ದಿನ ಬಸ್ಸಲ್ಲಿ ಹೋಗಿ ಅಂದ್ಲು. ನಾನು ಕೇಳಲಿಲ್ಲ. ಸೈಕಲ್ ತೆಗೆದೆ. ನಮ್ಮ ಮನೆ ಅಶೋಕಪುರಂ ಕಡೆ, ಕೆಲಸ ಮೇಟಗಳ್ಳಿ ಕಡೆ ಒಂದು ಕಂಪನಿಯ ಸ್ಟೋರ್ಸ್‌ನಲ್ಲಿ. ಜೆಎಲ್‌ಬಿ ರಸ್ತೆ ಹಿಡಿದು, ರಾಮಸ್ವಾಮಿ ಸರ್ಕಲ್ ದಾಟಿ, ಮೆಟ್ರೊಪೋಲ್ ಸರ್ಕಲ್, ರೈಲ್ವೆ ಸ್ಟೇಷನ್, ಅಲ್ಲಿಂದ ಕೆಆರ್‌ಎಸ್ ರಸ್ತೆ. ಸ್ಕೂಟರಲ್ಲಿ ಹೋಗೋರಿಗೆ ಈ ದಾರಿಯಲ್ಲಿ ಏರು ಇದೆ ಅಂತಾನೇ ಗೊತ್ತಾಗಲ್ಲ. ಸೈಕಲ್ ತುಳಿಯೋರಿಗೆ ಗೊತ್ತು. ಕೆಮ್ಮು ಇರೋ ಸೈಕಲ್ಲಿನವರಿಗೆ ಇನ್ನೂ ಚೆನ್ನಾಗಿ ಗೊತ್ತು.

ಮೂಗು ಕಟ್ಟಿರೋದ್ರಿಂದ ಬಾಯಲ್ಲಿ ಉಸಿರಾಡಬೇಕು. ಬಾಯಲ್ಲಿ ಎಳೆದ ತಣ್ಣನೆ ಗಾಳಿ ನೇರ ಗಂಟಲಿಗೆ ಹೊಡೆಯುತ್ತೆ. ಮುಂದೆ ಸಿಟಿ ಬಸ್ಸಿನ ಹೊಗೆ, ಪಕ್ಕದಲ್ಲಿ ಆಟೋ ಹೊಗೆ, ಮಳೆ ನಿಂತ ಮೇಲೆ ರಸ್ತೆ ಅಂಚಿನ ಧೂಳು. ರಾಮಸ್ವಾಮಿ ಸರ್ಕಲ್ಲಿನವರೆಗೆ ಹೇಗೋ ಬಂದೆ. ಸಿಗ್ನಲ್ ಬಿದ್ದಾಗ ಕೆಮ್ಮಿದೆ. ಕೋವಿಡ್ ಬಂದು ಹೋದ ಮೇಲೆ ಜನ ಹೇಗೆ ಆಗಿದ್ದಾರೆ ಅಂದ್ರೆ, ಸಿಗ್ನಲ್ಲಲ್ಲಿ ಹಾರ್ನ್ ಹೊಡೆದ್ರೆ ಯಾರೂ ತಿರುಗಲ್ಲ, ಕೆಮ್ಮಿದ್ರೆ ಹತ್ತು ಹೆಲ್ಮೆಟ್ ತಿರುಗುತ್ತೆ. ನನಗೆ ನಾಚಿಕೆ ಆಯ್ತು. ಕೆಮ್ಮನ್ನ ತಡೆದು ತಡೆದು ಇಟ್ಟುಕೊಂಡೆ.

ತಡೆದಿಟ್ಟ ಕೆಮ್ಮು ಮೆಟ್ರೊಪೋಲ್ ಸರ್ಕಲ್ ಹತ್ತಿರ, ವಾಹನಗಳ ನಡುವೆ, ಒಂದೇ ಸಲ ಬಂತು. ಕಣ್ಣು ಕತ್ತಲೆ ಕಟ್ಟಿತು, ಹ್ಯಾಂಡಲ್ ಅಲುಗಾಡಿತು, ಸೈಕಲ್ ಬಲಕ್ಕೆ ವಾಲಿತು. ಹಿಂದೆ ಬರ್ತಿದ್ದ ಆಟೋದವರು ಗಟ್ಟಿಯಾಗಿ ಬ್ರೇಕ್ ಹಾಕಿದ್ರು. ಅವರ ಹಿಂದೆ ಸ್ಕೂಟಿಯಲ್ಲಿ ಬರ್ತಿದ್ದ ಕಾಲೇಜಿನ ಹುಡುಗಿ ಆಟೋಗೆ ಗುದ್ದೋದು ಸ್ವಲ್ಪದರಲ್ಲಿ ತಪ್ಪಿತು. ನಾನು ಕಾಲು ಕೊಟ್ಟು ನಿಂತೆ, ಬೀಳಲಿಲ್ಲ. ಕರ್ತನು ಕಾಪಾಡಿದ. ಆಟೋದವರು ಇಳಿದು ಬಂದ್ರು. ಬೈಯ್ತಾರೆ ಅಂದುಕೊಂಡೆ. ಅವರು ನನ್ನ ಮುಖ ನೋಡಿ, ಸೈಕಲ್ ಎಡಗಡೆಗೆ ತಳ್ಳಿ, ಸೀಟಿನ ಕೆಳಗಿಂದ ನೀರಿನ ಬಾಟಲಿ ತೆಗೆದು ಕೊಟ್ಟು ಒಂದು ಮಾತು ಹೇಳಿದ್ರು:

"ಸಾರ್, ಆಗಲ್ಲ ಅಂದ್ರೆ ಎಡಕ್ಕೆ ಬನ್ನಿ. ನಡುರೋಡಲ್ಲಿ ಧೈರ್ಯ ತೋರಿಸೋಕೆ ಹೋಗ್ಬೇಡಿ. ಹಿಂದೆ ಬರೋರು ಸಾಯ್ತಾರೆ."

ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ. ಆದ್ರೆ ನಾನು ಹೇಳ್ತೀನಿ, ಆವತ್ತು ಪವಿತ್ರಾತ್ಮನು ಆ ಆಟೋದವರ ಬಾಯಿಂದ ನನ್ನ ಹತ್ತಿರ ಮಾತಾಡಿದ. ಭಾನುವಾರ ಮೈಕ್ ಹಿಡಿದು ನಾನು ಮಾಡಿದ್ದು ಅದನ್ನೇ ಅಲ್ವಾ? ನಡುರೋಡಲ್ಲಿ ಧೈರ್ಯ ತೋರಿಸಿದ್ದೆ. ಹಿಂದೆ ಬರೋರು ಯಾರು ಅಂತ ಯೋಚನೆ ಮಾಡಿರಲಿಲ್ಲ.

ಈಗ ವಾಕ್ಯಕ್ಕೆ ಬರೋಣ. ಮೂರು ವಿಷಯ ಹೇಳ್ತೀನಿ, ಬರೆದುಕೊಳ್ಳೋರು ಬರೆದುಕೊಳ್ಳಿ.

ಮೊದಲನೇದು: ಅರ್ಧ ಕಂಡಾಗ, ಅರ್ಧ ಕಾಣುತ್ತೆ ಅಂತಲೇ ಹೇಳು.

ಬೇತ್ಸಾಯಿದದ ಆ ಮನುಷ್ಯನನ್ನ ನೋಡಿ. ಕರ್ತನು ಅವನ ಮೇಲೆ ಕೈಯಿಟ್ಟು, ಏನಾದರೂ ಕಾಣುತ್ತಾ ಅಂತ ಕೇಳ್ತಾರೆ. ಸುವಾರ್ತೆಗಳಲ್ಲಿ ಗುಣಪಡಿಸುವಾಗ ಯೇಸು ಸ್ವಾಮಿ ಹೀಗೆ ಮಧ್ಯದಲ್ಲಿ ನಿಲ್ಲಿಸಿ, ಹೇಗಿದೆ ಈಗ ಅಂತ ಕೇಳೋದನ್ನ ನಾವು ಬೇರೆ ಕಡೆ ಕಾಣಲ್ಲ. ಅವನ ಜಾಗದಲ್ಲಿ ನಾನಿದ್ದಿದ್ರೆ ಏನು ಹೇಳ್ತಿದ್ದೆ? ಎದುರಲ್ಲಿ ದೇವಕುಮಾರ ನಿಂತಿದ್ದಾನೆ. ಶಿಷ್ಯರು ನೋಡ್ತಾ ಇದ್ದಾರೆ. ಎಲ್ಲ ಚೆನ್ನಾಗಿ ಕಾಣ್ತಿದೆ ಸ್ವಾಮಿ, ಸ್ತೋತ್ರ, ಅಂದುಬಿಡ್ತಿದ್ದೆ. ಅರ್ಧ ಅಂತ ಹೇಳಿದ್ರೆ ಕರ್ತನಿಗೆ ಅವಮಾನ ಆಗುತ್ತೇನೋ, ನನ್ನ ನಂಬಿಕೆ ಕಮ್ಮಿ ಅಂತ ಜನ ಅಂದುಕೊಳ್ತಾರೇನೋ ಅಂತ.

ಅವನು ಹಾಗೆ ಮಾಡಲಿಲ್ಲ. ಇದ್ದದ್ದನ್ನ ಇದ್ದ ಹಾಗೆ ಹೇಳಿದ. ಮನುಷ್ಯರು ಕಾಣ್ತಾರೆ, ಆದ್ರೆ ಮರದ ಹಾಗೆ ಕಾಣ್ತಾರೆ ಅಂದ. ಕರ್ತನು ಅವನನ್ನ ಗದರಿಸಿದ್ರಾ? ಅಲ್ಪವಿಶ್ವಾಸಿ ಅಂದ್ರಾ? ಇಲ್ಲ. ಮತ್ತೊಮ್ಮೆ ಕೈ ಚಾಚಿದರು. ತಮ್ಮಂದಿರೇ, ತಂಗಿಯರೇ, ಅವನ ನಿಜವಾದ ಮಾತೇ ಎರಡನೇ ಸ್ಪರ್ಶಕ್ಕೆ ಜಾಗ ಮಾಡಿಕೊಟ್ಟಿತು. ಎಲ್ಲ ಸರಿಯಾಗಿದೆ ಅಂತ ಸುಳ್ಳು ಹೇಳಿ ಎದ್ದು ಹೋಗಿದ್ರೆ, ಜೀವನಪೂರ್ತಿ ಮನುಷ್ಯರನ್ನ ಮರ ಅಂತಲೇ ನೋಡ್ತಾ ಇರ್ತಿದ್ದ. ಮೇಲೆ ಪ್ರತಿ ಭಾನುವಾರ ಸಾಕ್ಷಿ ಬೇರೆ ಹೇಳ್ತಿದ್ದ!

ನಮ್ಮ ನಡುವೆ ಒಂದು ಅಭ್ಯಾಸ ಬಂದುಬಿಟ್ಟಿದೆ. ಬಾಯಲ್ಲಿ ನೆಗೆಟಿವ್ ಮಾತು ಬರಬಾರದು, ಡಿಕ್ಲೇರ್ ಮಾಡಬೇಕು ಅಂತ. ನಂಬಿಕೆಯ ಅರಿಕೆಯನ್ನ ನಾನು ಬೇಡ ಅಂತಿಲ್ಲ. ಯೆಶಾಯ 53 ನನ್ನ ಸತ್ಯವೇದದಲ್ಲೂ ಇದೆ, ನಾನು ಅದನ್ನ ನಂಬ್ತೀನಿ, ಸಾಯೋವರೆಗೂ ಸಾರ್ತೀನಿ. ಆದ್ರೆ ನಂಬಿಕೆಯ ಅರಿಕೆ ಬೇರೆ, ಸುಳ್ಳು ವರದಿ ಬೇರೆ. ಕರ್ತನು ಗುಣಪಡಿಸುತ್ತಾನೆ ಅನ್ನೋದು ಅರಿಕೆ. ನನಗೆ ಕೆಮ್ಮೇ ಇಲ್ಲ ಅಂತ ಕೆಮ್ಮುತ್ತಾ ಹೇಳೋದು ಸುಳ್ಳು. ಸತ್ಯವೇ ಆಗಿರುವ ದೇವರಿಗೆ ನಮ್ಮ ಸುಳ್ಳಿನ ಸಹಾಯ ಬೇಡ. ಆಮೆನ್ ಹೇಳ್ತೀರಾ?

ಎರಡನೇದು: ನಿಧಾನವಾಗಿ ಬರೋ ಗುಣವೂ ಅದೇ ಕೈಯಿಂದ ಬರುತ್ತೆ.

ಆವತ್ತು ಸೈಕಲ್ ತಳ್ಳಿಕೊಂಡು ಮನೆಗೆ ವಾಪಸ್ ಬಂದೆ. ಡಾಕ್ಟರ ಹತ್ತಿರ ಹೋದೆ. ಅವರು ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ ಸಮಾಧಾನವಾಗಿ ವಿವರಿಸಿದ್ರು. ನೆಗಡಿಯ ವೈರಸ್ ಹೋದ ಮೇಲೂ ಉಸಿರಿನ ಕೊಳವೆಯ ಒಳಗಿನ ಪದರ ಕೆಲವು ವಾರ ಹುಣ್ಣಾದ ಚರ್ಮದ ಹಾಗೆ ಸೂಕ್ಷ್ಮವಾಗಿ ಇರುತ್ತಂತೆ. ಧೂಳು, ಹೊಗೆ, ತಣ್ಣನೆ ಗಾಳಿ ತಾಕಿದ್ರೆ ಸಾಕು, ಕೆಮ್ಮು ಬರುತ್ತೆ. ಮೂರು ವಾರ, ಕೆಲವರಿಗೆ ಅದಕ್ಕಿಂತ ಹೆಚ್ಚು. ಆಂಟಿಬಯೋಟಿಕ್ ಕೊಡಿ ಸಾರ್ ಬೇಗ ಹೋಗ್ಲಿ ಅಂದೆ. ಅದು ವೈರಸ್ ಮೇಲೆ ಕೆಲಸ ಮಾಡಲ್ಲ ಅಂದ್ರು. ಕತ್ತಿನ ಮೇಲೆ ಮಾತ್ರ, ಅಂದ್ರೆ ಬರೀ ಮೂಗು ಸೋರ್ತಾ ಇದ್ರೆ, ನಿಧಾನವಾಗಿ ಓಡಾಡಬಹುದು. ಕತ್ತಿನ ಕೆಳಗೆ ಇಳಿದಿದ್ರೆ, ಎದೆ ಕಟ್ಟಿದ್ರೆ, ಜ್ವರ ಮೈಕೈ ನೋವು ಇದ್ರೆ, ಸೈಕಲ್ ಬೇಡ, ರೆಸ್ಟ್ ತಗೊಳ್ಳಿ ಅಂದ್ರು. ಕೊನೆಗೆ ಇನ್ನೊಂದು ಮಾತು ಹೇಳಿದ್ರು: ಎರಡು ವಾರ ದಾಟಿಯೂ ಕೆಮ್ಮು ನಿಲ್ಲಲಿಲ್ಲ ಅಂದ್ರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿ, ಅಲ್ಲಿ ದುಡ್ಡು ತಗೊಳ್ಳಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಅಮ್ಮನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ಅಮ್ಮ ಅಂದ್ರು, "ಅದೇನ್ ಮಗ ಅಷ್ಟೊಂದ್ ಅವಸ್ರ? ನಾಟಿ ಮಾಡಿದ್ ಮಾರ್ನೇ ದಿನ ಯಾವ ಗದ್ದೇಲಿ ತೆನೆ ಬಂದದೆ? ವಸಿ ತಡ್ಕೊ. ಮೆಣಸಿನ ಸಾರು ಕುಡ್ಕೊಂಡು ಮನಿಕೊ." ಅಷ್ಟೇ. ನಾನು ಡಿಪ್ಲೊಮಾ ಮಾಡಿದವನು, ಅಮ್ಮ ಶಾಲೆ ಮುಖ ನೋಡದವರು. ಆದ್ರೆ ಅವರ ಮಾತಲ್ಲಿ 1 ಅರಸುಗಳು 19 ಪೂರ್ತಿ ಇದೆ!

ಅಲ್ಲಿ ಎಲೀಯ ಇದ್ದಾನೆ. ಕರ್ಮೆಲಿನಲ್ಲಿ ಬೆಂಕಿ ಇಳಿಸಿದ ಪ್ರವಾದಿ. ಆಮೇಲೆ ಸುಸ್ತಾಗಿ, ಹೆದರಿ, ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಬಿದ್ದುಕೊಂಡು, ಸಾಕು ಕರ್ತನೇ ಸಾಯಿಸಿಬಿಡು ಅಂತಿದ್ದಾನೆ. ದೇವರು ಅವನಿಗೆ ತಕ್ಷಣ ಪ್ರಸಂಗ ಮಾಡಲಿಲ್ಲ. ಉಪವಾಸ ಮಾಡು ಅನ್ನಲಿಲ್ಲ. ದೂತನು ಬಂದು ಮುಟ್ಟಿ ಎಬ್ಬಿಸಿದ, ರೊಟ್ಟಿ ಇತ್ತು, ನೀರಿತ್ತು. ತಿಂದ, ಕುಡಿದ, ಮತ್ತೆ ಮಲಗಿದ. ಮತ್ತೆ ಮಲಗೋಕೆ ದೇವರು ಬಿಟ್ಟರು! ಆಮೇಲೆ ದೂತನು ಎರಡನೇ ಸಲ ಬಂದು ಮುಟ್ಟಿದ. ಗಮನಿಸಿ, ಅಲ್ಲೂ ಎರಡು ಸಲ. ನಿನ್ನ ಮುಂದಿರೋ ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂತ ದೂತನೇ ಹೇಳ್ತಾನೆ. ದಾರಿ ದೊಡ್ಡದು ಅಂತ ದೇವರಿಗೆ ಗೊತ್ತು. ನಮ್ಮ ಶಕ್ತಿ ಎಷ್ಟು ಅಂತಲೂ ಗೊತ್ತು. ನಮಗೆ ಮಾತ್ರ ಗೊತ್ತಿಲ್ಲ.

ಹತ್ತು ದಿನ ಬಸ್ಸಲ್ಲಿ ಹೋದೆ. ಆಮೇಲೆ ಮತ್ತೆ ಸೈಕಲ್ ತೆಗೆದೆ. ಈ ಸಲ ಮಾಸ್ಕ್ ಹಾಕಿಕೊಂಡು, ರಸ್ತೆ ಎಡಕ್ಕೆ, ಬಸ್ಸುಗಳಿಂದ ದೂರ. ಏರು ಬಂದ ಕಡೆ ಇಳಿದು ತಳ್ಳಿದೆ. ಅಪ್ಪ ಹಾಲಿನ ಕ್ಯಾನು ಇದ್ದಾಗ ಏರಲ್ಲಿ ಹಾಗೇ ಇಳಿದು ತಳ್ಳುತ್ತಿದ್ರು. ತುಳೀಬೇಕು ಅಂತ ಹಟ ಮಾಡಿ ಹಾಲು ಚೆಲ್ಲಿಕೊಂಡವರಲ್ಲ. ಕೆಲಸಕ್ಕೆ ಹತ್ತು ನಿಮಿಷ ಲೇಟಾಗಿ ಮುಟ್ಟಿದೆ. ಆದ್ರೆ ಮುಟ್ಟಿದೆ. ಮಾರನೇ ದಿನ ಏರಲ್ಲಿ ಸ್ವಲ್ಪ ದೂರ ತುಳಿದೆ. ಅದರ ಮಾರನೇ ದಿನ ಇನ್ನೂ ಸ್ವಲ್ಪ. ಆ ಒಂದೊಂದು ಸ್ವಲ್ಪವೂ ಕರ್ತನ ಕೈಯೇ ಅಂತ ನನಗೆ ಆಗ ಅರ್ಥ ಆಯ್ತು. ಭಾನುವಾರ ಜ್ವರ ಬಿಡಿಸಿದ ಕೈ ಮೊದಲನೇ ಸ್ಪರ್ಶ. ಆಮೇಲೆ ಇಪ್ಪತ್ತು ದಿನ ಮೆಣಸಿನ ಸಾರಿನಲ್ಲಿ, ನಿದ್ದೆಯಲ್ಲಿ, ಡಾಕ್ಟರ ಮಾತಿನಲ್ಲಿ ಬಂದದ್ದು ಎರಡನೇ ಸ್ಪರ್ಶ.

ಹಾಗಾದ್ರೆ ಒಂದೇ ಸಲಕ್ಕೆ ಗುಣ ಆಗಲ್ವಾ? ಆಗುತ್ತೆ! ಇದೇ ಮಾರ್ಕನ ಸುವಾರ್ತೆಯಲ್ಲಿ ಎರಡು ಅಧ್ಯಾಯ ಮುಂದೆ ಹೋಗಿ, ಬಾರ್ತಿಮಾಯ ಇದ್ದಾನೆ. ಅವನೂ ಕುರುಡ. ಅವನಿಗೆ ತಕ್ಷಣ ಕಣ್ಣು ಬಂತು. ಒಬ್ಬನಿಗೆ ಒಂದು ಸಲ, ಇನ್ನೊಬ್ಬನಿಗೆ ಎರಡು ಸಲ. ಬಾರ್ತಿಮಾಯನ ನಂಬಿಕೆ ದೊಡ್ಡದು, ಇವನದು ಚಿಕ್ಕದು ಅಂತ ಮಾರ್ಕ ಎಲ್ಲೂ ಬರೆದಿಲ್ಲ. ಪೌಲನ ಜೊತೆಗಾರ ತ್ರೊಫಿಮನನ್ನ ನೋಡಿ, 2 ತಿಮೊಥೆ 4:20. ಅವನು ಅಸ್ವಸ್ಥನಾಗಿದ್ದ, ಪೌಲನು ಅವನನ್ನ ಮಿಲೇತದಲ್ಲಿ ಬಿಟ್ಟು ಬರಬೇಕಾಯ್ತು. ಯಾರ ಮೈ ತಾಕಿದ ಬಟ್ಟೆಯಿಂದ ರೋಗ ಬಿಟ್ಟುಹೋಗ್ತಿತ್ತೋ ಅಂಥ ಪೌಲನ ಜೊತೆಗಾರ! ಪೌಲನು ಅದನ್ನ ಮುಚ್ಚಿಡಲಿಲ್ಲ, ಪತ್ರದಲ್ಲೇ ಬರೆದ.

ಮೂರನೇದು: ನಿನ್ನ ಹಿಂದೆ ಯಾರೋ ಬರ್ತಾ ಇದ್ದಾರೆ.

ಇದನ್ನ ಹೇಳೋದು ನನಗೆ ಕಷ್ಟ.

ನನ್ನ ಸಾಕ್ಷಿಯಾಗಿ ಸುಮಾರು ಎರಡು ವಾರದ ನಂತರ, ಗುರುವಾರ ಕೂಟ ಮುಗಿದ ಮೇಲೆ ನಮ್ಮ ಸಭೆಯ ಒಬ್ಬ ತಮ್ಮ ನನ್ನ ಹತ್ತಿರ ಬಂದ. ಎಲ್ಲರೂ ಹೋಗೋವರೆಗೆ ಚಪ್ಪಲಿ ಹತ್ತಿರ ಕಾದಿದ್ದ. ಅವನು ಅನುಮತಿ ಕೊಟ್ಟಿದ್ದಾನೆ, ಹೆಸರು ಹೇಳದೆ ಹೇಳಿ ಅಣ್ಣ ಅಂದಿದ್ದಾನೆ. ಯಾರು ಅಂತ ತಿರುಗಿ ನೋಡಬೇಡಿ, ಆಮೇಲೆ ಹುಡುಕಲೂ ಬೇಡಿ. ಅವನು ಕೇಳಿದ: "ಅಣ್ಣ, ನಿಮಗೆ ಒಂದೇ ಆರಾಧನೆಯಲ್ಲಿ ವಾಸಿ ಆಯ್ತು. ನನಗೆ ಕೆಮ್ಮು ಶುರುವಾಗಿ ಒಂದೂವರೆ ತಿಂಗಳಾಯ್ತು. ದಿನಾ ಡಿಕ್ಲೇರ್ ಮಾಡ್ತಿದೀನಿ. ರಾತ್ರಿ ಬೆವರುತ್ತೆ, ತೂಕ ಇಳಿದಿದೆ. ನನ್ನಲ್ಲಿ ಏನಾದ್ರೂ ಪಾಪ ಇದೆಯಾ? ನನಗೆ ನಂಬಿಕೆ ಇಲ್ವಾ?"

ಆಸ್ಪತ್ರೆಗೆ ಹೋಗಿದ್ಯಾ ಅಂತ ಕೇಳಿದೆ. ಹೋಗಬೇಕು ಅಂದುಕೊಂಡಿದ್ದನಂತೆ. ಆ ಭಾನುವಾರ ನನ್ನ ಸಾಕ್ಷಿ ಕೇಳಿ, ಹೋಗೋದು ಬೇಡ, ನಂಬಿಕೆಯಿಂದ ಕಾಯೋಣ ಅಂತ ತೀರ್ಮಾನ ಮಾಡಿದನಂತೆ.

ಆಟೋದವರ ಮಾತು ನೆನಪಾಯ್ತು. ಹಿಂದೆ ಬರೋರು ಸಾಯ್ತಾರೆ.

ಚಪ್ಪಲಿಗಳ ಮಧ್ಯೆ ಅಲ್ಲೇ ಕೂತುಕೊಂಡು ಅವನಿಗೆ ನಿಜ ಹೇಳಿದೆ. ಆವತ್ತು ನನಗೆ ಪೂರ್ತಿ ವಾಸಿ ಆಗಿರಲಿಲ್ಲ ತಮ್ಮ, ಇವತ್ತೂ ಆಗಿಲ್ಲ, ನಾನು ಸುಳ್ಳು ಹೇಳಿದೆ ಅಂದೆ. ಅವನು ನನ್ನನ್ನ ನೋಡಿದ ನೋಟ ನಾನು ಮರೆಯಲ್ಲ. ಕೋಪ ಇರಲಿಲ್ಲ. ತಲೆ ಮೇಲಿಂದ ಮೂಟೆ ಇಳಿಸಿದವನ ಹಾಗಿದ್ದ. ಮಾರನೇ ದಿನ ಇಬ್ಬರೂ ಸರ್ಕಾರಿ ಆಸ್ಪತ್ರೆಗೆ ಹೋದ್ವಿ. ನನಗೂ ಎರಡು ವಾರ ದಾಟಿತ್ತಲ್ಲ, ಡಾಕ್ಟರ್ ಹೇಳಿದ ಮಾತಿತ್ತಲ್ಲ. ಇಬ್ಬರ ಕೈಗೂ ಒಂದೊಂದು ಪ್ಲಾಸ್ಟಿಕ್ ಡಬ್ಬಿ ಕೊಟ್ರು. ಪಾಸ್ಟರು, ಸಭೆಯ ಹುಡುಗ, ಒಂದೇ ಸಾಲಲ್ಲಿ ಡಬ್ಬಿ ಹಿಡಿದು ನಿಂತ್ವಿ. ನನ್ನ ಸೇವಾ ಜೀವನದಲ್ಲಿ ಅಷ್ಟು ಪ್ರಾಮಾಣಿಕವಾದ ಪ್ರಾರ್ಥನೆ ಬೇರೆಲ್ಲೂ ಮಾಡಿಲ್ಲ.

ನನ್ನ ಕಫದಲ್ಲಿ ಏನೂ ಸಿಗಲಿಲ್ಲ. ಅವನದರಲ್ಲಿ ಟಿಬಿ ಅಂತ ಬಂತು.

ಹೆದರಬೇಡಿ. ಬಹಳಷ್ಟು ಕೆಮ್ಮು ಬರೀ ನೆಗಡಿಯ ಬಾಲ, ನನ್ನದರ ಹಾಗೆ. ಟಿಬಿ ಬಂದ್ರೂ ಅದು ಗುಣ ಆಗೋ ಕಾಯಿಲೆ. ಸಾಮಾನ್ಯ ಟಿಬಿಗೆ ಆರು ತಿಂಗಳ ಮಾತ್ರೆ, ಸರ್ಕಾರ ಉಚಿತವಾಗಿ ಕೊಡುತ್ತೆ. ಚೆನ್ನಾಗಿ ಊಟ ಮಾಡಲಿ ಅಂತ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತೆ. ಮಾತ್ರೆ ಸರಿಯಾಗಿ ಶುರು ಮಾಡಿದ ಕೆಲವು ವಾರಗಳಲ್ಲೇ ಇನ್ನೊಬ್ಬರಿಗೆ ಹರಡೋದು ಬಹಳ ಕಮ್ಮಿ ಆಗುತ್ತೆ. ಆ ತಮ್ಮನಿಗೆ ಎರಡು ತಿಂಗಳ ಮಾತ್ರೆ ಮುಗೀತು, ತೂಕ ಹೆಚ್ಚಿದೆ. ಸ್ತೋತ್ರ ಕರ್ತನಿಗೆ!

ಆದ್ರೆ ಆಸ್ಪತ್ರೆಯ ಸಿಸ್ಟರ್ ಒಬ್ಬರು ಅವನಿಗೆ ಹೇಳಿದ ಮಾತು ಕೇಳಿ. ಎರಡು ತಿಂಗಳಾದ ಮೇಲೆ ಎಲ್ಲರಿಗೂ ಚೆನ್ನಾಗಿ ಅನಿಸುತ್ತೆ, ಆಗಲೇ ಕೆಲವರು ಮಾತ್ರೆ ಬಿಡ್ತಾರೆ, ಬಿಟ್ರೆ ಕಾಯಿಲೆ ತಿರುಗಿ ಬರುತ್ತೆ, ಆಗ ಅದೇ ಮಾತ್ರೆಗೆ ಬಗ್ಗದೆ ಹೋಗಬಹುದು, ಅಂದ್ರು. ಆ ಸಿಸ್ಟರಿಗೆ ಗೊತ್ತಿಲ್ಲ, ಅವರು ಮಾರ್ಕ 8 ಪ್ರಸಂಗ ಮಾಡ್ತಾ ಇದ್ರು. ಮರದ ಹಾಗೆ ಕಾಣೋಕೆ ಶುರುವಾದ ತಕ್ಷಣ ಎದ್ದು ಹೋಗಬೇಡಪ್ಪ, ಎರಡನೇ ಸಲ ಕೈ ಇಡೋವರೆಗೆ ಕೂತಿರು ಅಂತ.

ನಾನು ದಿನಾ ಸೈಕಲ್ಲಲ್ಲಿ ಹೋಗೋ ಕೆಆರ್‌ಎಸ್ ರಸ್ತೆಯಲ್ಲಿ ಪಿಕೆಟಿಬಿ ಆಸ್ಪತ್ರೆ ಇದೆ. ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಅವರ ಹೆಸರಿನ ಆಸ್ಪತ್ರೆ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಅವರು, ಕ್ಷಯದಿಂದಲೇ ತೀರಿಕೊಂಡವರು. ಆಗ ಇದಕ್ಕೆ ಮಾತ್ರೆ ಇರಲಿಲ್ಲ. ಅರಮನೆಗೂ ಬಂದ ಕಾಯಿಲೆ ಇದು. ಅರಮನೆಯವರು ನಾಚಿಕೊಂಡು ಮುಚ್ಚಿಡಲಿಲ್ಲ, ಅವರ ಹೆಸರಲ್ಲೇ ಆಸ್ಪತ್ರೆ ಕಟ್ಟಿದ್ರು. ಅರಮನೆ ನಾಚಿಕೊಳ್ಳದ ಕಾಯಿಲೆಗೆ ಸಭೆ ಯಾಕೆ ನಾಚಿಕೊಳ್ಳಬೇಕು? ನಮ್ಮಲ್ಲಿ ಒಬ್ಬ ಹುಡುಗ ಕೆಮ್ಮೋದಕ್ಕೆ ಹೆದರಿ, ಆರಾಧನೆಯಲ್ಲಿ ಬಾಯಿಗೆ ಬಟ್ಟೆ ತುರುಕಿಕೊಂಡು ನಿಲ್ತಿದ್ದ. ಅದು ಅವನ ನಂಬಿಕೆಯ ಕೊರತೆ ಅಲ್ಲ. ಅದು ನಮ್ಮ ಪ್ರೀತಿಯ ಕೊರತೆ.

ಫಿಲಿಪ್ಪಿ 2ನೇ ಅಧ್ಯಾಯ 25ರಿಂದ 30, ಮನೆಗೆ ಹೋಗಿ ಓದಿ. ಎಪಫ್ರೊದೀತ ಅನ್ನೋ ಸಹೋದರ ಸಭೆಯ ಕಾಣಿಕೆ ತಗೊಂಡು ಪೌಲನ ಹತ್ತಿರ ಹೋದ. ಅಲ್ಲಿ ಕಾಯಿಲೆ ಬಿದ್ದು ಸಾಯೋ ಹಾಗಾದ. ಅವನ ಚಿಂತೆ ಏನಾಗಿತ್ತು ಗೊತ್ತಾ? ತನಗೆ ಕಾಯಿಲೆ ಅಂತ ಸಭೆಗೆ ಗೊತ್ತಾಗಿಹೋಯ್ತಲ್ಲ ಅಂತ. ಸಭೆ ಸಂಕಟಪಡುತ್ತಲ್ಲ ಅಂತ ಅವನಿಗೆ ಸಂಕಟ. ಪೌಲನು ಏನು ಬರೆದ? ಅವನು ಬಂದಾಗ ಸಂತೋಷದಿಂದ ಸೇರಿಸಿಕೊಳ್ಳಿ, ಇಂಥವರಿಗೆ ಮಾನ ಕೊಡಿ ಅಂತ ಬರೆದ. ಕಾಯಿಲೆಯಿಂದ ಎದ್ದು ಬಂದವನಿಗೆ ಮಾನ. ಅದು ಸತ್ಯವೇದದ ಸಭೆ.

ಮುಗಿಸ್ತೀನಿ. ಈ ಕುರುಡನ ಕಥೆ ಆದ ಕೂಡಲೇ ಮಾರ್ಕ ಏನು ಬರೀತಾನೆ ನೋಡಿ. ಪೇತ್ರನು, ನೀನೇ ಕ್ರಿಸ್ತನು ಅಂತ ಅರಿಕೆ ಮಾಡ್ತಾನೆ. ಎಂಥ ದರ್ಶನ! ಆದ್ರೆ ಕರ್ತನು ಶಿಲುಬೆಯ ಮಾತೆತ್ತಿದ ತಕ್ಷಣ ಅದೇ ಪೇತ್ರ, ಹಾಗಾಗಬಾರದು ಅಂತ ಅಡ್ಡ ನಿಲ್ತಾನೆ. ಪೇತ್ರನಿಗೂ ಅರ್ಧ ಮಾತ್ರ ಕಾಣ್ತಿತ್ತು. ಮಹಿಮೆ ಕಂಡಿತು, ಶಿಲುಬೆ ಕಾಣಲಿಲ್ಲ. ನನಗೂ ಆ ಭಾನುವಾರ ಹಾಗೇ. ಮೈಕ್ ಕಂಡಿತು, ಹಲ್ಲೆಲೂಯಾ ಕಂಡಿತು, ಹಿಂದಿನ ಸಾಲಲ್ಲಿ ಕೂತಿದ್ದ ತಮ್ಮ ಕಾಣಲಿಲ್ಲ. ಅವನು ನನಗೆ ಮರದ ಹಾಗೆ ಇದ್ದ. ಪೇತ್ರನನ್ನ ಕರ್ತನು ಗದರಿಸಿದರು, ಆದ್ರೆ ಕೈ ಬಿಡಲಿಲ್ಲ. ಮತ್ತೆ ಮತ್ತೆ ಮುಟ್ಟಿ ಪೂರ್ತಿ ಕಾಣೋ ಹಾಗೆ ಮಾಡಿದರು.

ಸಭೆಯ ಹಿರಿಯರ ಮುಂದೆ ನಾನು ಇದನ್ನ ಆಗಲೇ ಒಪ್ಪಿಕೊಂಡಿದ್ದೀನಿ. ಆದ್ರೆ ಹಲ್ಲೆಲೂಯಾ ಹೇಳಿದವರು ನೀವು. ನಿಮ್ಮ ಮುಂದೆ ಹೇಳದೆ ಇದು ಮುಗಿಯಲ್ಲ. ಆವತ್ತು ನಾನು ಕೊಟ್ಟ ಸಾಕ್ಷಿಯಲ್ಲಿ ಅರ್ಧ ಸತ್ಯ, ಅರ್ಧ ಸುಳ್ಳು. ನನ್ನನ್ನ ಕ್ಷಮಿಸಿ.

ಈಗ ನಿಮ್ಮಲ್ಲಿ ಕೆಲವರು ಏನನ್ನೋ ತಡೆದಿಟ್ಟುಕೊಂಡಿದ್ದೀರಿ. ಕೆಮ್ಮೇ ಇರಬೇಕು ಅಂತಿಲ್ಲ. ರಾತ್ರಿ ನಿದ್ದೆ ಬರದ ಭಯ ಇರಬಹುದು, ಬಿಡಕ್ಕಾಗದ ಅಭ್ಯಾಸ ಇರಬಹುದು, ಹೋಗಿದೆ ಅಂತ ಸಾಕ್ಷಿ ಹೇಳಿ ಆಮೇಲೆ ತಿರುಗಿ ಬಂದದ್ದು ಇರಬಹುದು. ವಾಟ್ಸಾಪ್ ಸ್ಟೇಟಸ್‌ನಲ್ಲಿ ಜಯ ಅಂತ ಹಾಕಿ, ಬಾಗಿಲು ಹಾಕಿಕೊಂಡು ಅಳ್ತಿರಬಹುದು. ಕರ್ತನು ನಿನ್ನನ್ನ ಕೇಳ್ತಾ ಇದ್ದಾರೆ: ಏನಾದರೂ ಕಾಣುತ್ತಾ? ಆತನಿಗೆ ನಿಜ ಹೇಳು. ಆಮೇಲೆ ಇನ್ನೊಬ್ಬ ನಂಬಿಗಸ್ತ ಮನುಷ್ಯನಿಗೂ ಹೇಳು. ಡಾಕ್ಟರ ಹತ್ತಿರ ಹೋಗಬೇಕಾದದ್ದಿದ್ರೆ ನಾಳೆಯೇ ಹೋಗು. ಒಬ್ಬರೇ ಹೋಗೋಕೆ ಭಯ ಆದ್ರೆ ನನಗೆ ಫೋನ್ ಮಾಡು, ಡಬ್ಬಿ ಹಿಡಿದು ಪಕ್ಕದಲ್ಲಿ ನಿಲ್ತೀನಿ. ಆಗಲ್ಲ ಅಂದ್ರೆ ಎಡಕ್ಕೆ ಬಾ. ಎಡಕ್ಕೆ ಬಂದವರನ್ನ ಈ ಸಭೆ ಬಿಟ್ಟು ಹೋಗಲ್ಲ.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚೋಣ. ಪ್ರಾರ್ಥನೆ ಮಾಡೋಣ.

ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ಒಂದೇ ಮಾತಿನಲ್ಲಿ ಗುಣಪಡಿಸಲು ಶಕ್ತನಾದ ದೇವರೇ, ನಿಧಾನವಾಗಿ ಗುಣಪಡಿಸುವಷ್ಟು ತಾಳ್ಮೆಯುಳ್ಳ ದೇವರೇ, ನಮ್ಮನ್ನು ಊರಾಚೆಗೆ ಕೈ ಹಿಡಿದು ನಡೆಸು. ಸುಳ್ಳು ಧೈರ್ಯವನ್ನು ನಮ್ಮಿಂದ ತೆಗೆದುಹಾಕು. ಮಾತ್ರೆ ತೆಗೆದುಕೊಳ್ಳುತ್ತಿರುವ ಮಕ್ಕಳಿಗೆ ಕೊನೆಯ ದಿನದವರೆಗೆ ಬಿಡದೆ ತೆಗೆದುಕೊಳ್ಳುವ ಬಲ ಕೊಡು. ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಕೈಗಳನ್ನು ಆಶೀರ್ವದಿಸು. ಇಂದು ರಾತ್ರಿ ಗಾಡಿಗಳಲ್ಲಿ, ಬಸ್ಸುಗಳಲ್ಲಿ, ಸೈಕಲ್ಲಲ್ಲಿ ಮನೆಗೆ ಹೋಗುವ ನಿನ್ನ ಮಕ್ಕಳನ್ನು ಕಾಪಾಡು. ಅರ್ಧ ಕಂಡವರಾದ ನಮ್ಮನ್ನು ಇನ್ನೊಮ್ಮೆ ಮುಟ್ಟು ಕರ್ತನೇ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್, ಆಮೆನ್.

ಕರ್ತನು ನಿಮ್ಮನ್ನು ಆಶೀರ್ವದಿಸಲಿ. ಹೋಗೋ ಮುಂಚೆ ಪಕ್ಕದಲ್ಲಿರೋರಿಗೆ ಹೇಗಿದ್ದೀಯಾ ಅಂತ ಕೇಳಿ, ಅವರು ಉತ್ತರ ಕೊಡೋವರೆಗೆ ನಿಂತಿರಿ.